ಪದಚರ್ಚೆ: ಬಸವನಹುಳು ಸಾಕಣೆಯಲ್ಲಿ ‘ಪೂರಕ’ ಯಾವುದು, ‘ಸೇರ್ಪಡೆ’ ಯಾವುದು?

ಪ್ರಶ್ನೆ: ಇಟಲಿಯ ಬಸವನಹುಳು ಸಾಕಣೆಯ ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ‘ಥೈಮ್, ಒರೆಗಾನೊ ಮುಂತಾದ ಗಿಡಮೂಲಿಕೆಗಳನ್ನು ಪೂರಕ ಆಹಾರವಾಗಿ ಕೊಡಬಹುದು’ ಎಂಬ ವಾಕ್ಯ ಸರಿಯೇ? ಥೈಮ್‌ಗೆ ದೊಡ್ಡಪತ್ರೆ ಎಂದು ಬರೆದರೆ ಆದೀತೆ? ಅಡುಗೆಗೆ ಕಳಿಸುವ ಮುಂಚಿನ ‘ಪರ್ಜಿಂಗ್’ಗೆ ‘ಶುದ್ಧೀಕರಣ’ ಸಾಕೇ?

ಉತ್ತರ: ನಮಸ್ಕಾರ ಸರ್. ಪೂರಕ ಎಂದರೆ ಕೊರತೆ ತುಂಬುವಂಥದ್ದು. ಇಲ್ಲಿ ಆ ಹೆಸರಿಗೆ ತಕ್ಕದ್ದು ಸುಣ್ಣಕಲ್ಲಿನ ಪುಡಿ. ಯುರೋಪಿನಲ್ಲಿ ಹೆಲಿಕ್ಸ್ ಆಸ್ಪರ್ಸಾ ಎಂಬ ಸಾಕು ಬಸವನಹುಳುಗಳಿಗೆ ಹಾಕುವ ಒಣ ಹಿಟ್ಟಿನಲ್ಲಿ ಶೇ 30ರ ಆಸುಪಾಸು ಅದೇ ಇರುತ್ತದೆ. ಮಿಕ್ಕದ್ದು ಕಾಳುಗಳ ನುಚ್ಚು, ಸೋಯಾ ಹಿಂಡಿ. ಸುಣ್ಣಕಲ್ಲಿನ ಪುಡಿ ಕಮ್ಮಿಯಾದರೆ ಚಿಪ್ಪಿನ ಬಾಯಂಚು ದಪ್ಪಗಾಗುವುದಿಲ್ಲ, ಎತ್ತುವಾಗಲೇ ಚಿಪ್ಪು ಬಿರಿಯುತ್ತದೆ. ಆದರೆ ಕೈಪಿಡಿಯಲ್ಲಿ ಬರೀ ‘ಸುಣ್ಣ’ ಎಂದು ಬರೆಯಬೇಡಿ. ಯಾರಾದರೂ ಸುಟ್ಟ ಸುಣ್ಣ ತಂದು ಸುರಿದಾರು, ಹುಳುಗಳ ಮೈ ಬೆಂದುಹೋಗುತ್ತದೆ.

ಪರಿಮಳದ ಸೊಪ್ಪು ಯಾವ ಕೊರತೆಯನ್ನೂ ತುಂಬುವುದಿಲ್ಲ. ನೆರಳಲ್ಲಿ ಒಣಗಿಸಿ ನುಣ್ಣಗೆ ಪುಡಿ ಮಾಡಿದ ಸೊಪ್ಪನ್ನು ಹಿಟ್ಟಿಗೆ ಬಹಳ ಕೊಂಚವೇ ಬೆರೆಸಬೇಕು. ಇಷ್ಟು ಚೂರುಪಾರಿಗೆ ‘ಸೇರ್ಪಡೆ’ ಎನ್ನುವುದೇ ಸರಿ. ‘ಪೂರಕ’ ಎಂದು ಓದಿದವರು ಹಸಿಮೇವಿನಂತೆ ಬುಟ್ಟಿಗಟ್ಟಲೆ ಹಾಕುತ್ತಾರೆ, ತೊಂದರೆ ಶುರುವಾಗುವುದು ಅಲ್ಲೇ. ಥೈಮ್, ಒರೆಗಾನೊಗಳ ಘಾಟಿಗೆ ಕಾರಣವಾದ ಥೈಮಾಲ್, ಕಾರ್ವಕ್ರಾಲ್‌ಗಳು ಪ್ರಮಾಣ ಮೀರಿದರೆ ಬಸವನಹುಳುವಿಗೆ ವಿಷ. ಬೆಳೆ ತಿನ್ನುವ ಬಸವನಹುಳುಗಳನ್ನು ಕೊಲ್ಲಲೂ ಇವೇ ವಸ್ತುಗಳನ್ನು ಪರೀಕ್ಷಿಸಿದ್ದಾರೆ. ಘಾಟು ಹೆಚ್ಚಿದ ತಟ್ಟೆಯ ಹತ್ತಿರ ಹುಳು ಬಂದು, ಕೊಂಬು ಒಳಗೆಳೆದುಕೊಂಡು ತಿರುಗಿಹೋಗುತ್ತದೆ. ಹಿಟ್ಟು ಹಾಗೇ ಉಳಿದು, ತೇವಕ್ಕೆ ಬೂಸ್ಟು ಹಿಡಿಯುತ್ತದೆ. ಎಣ್ಣೆಯ ರೂಪವಂತೂ ಬೇಡವೇ ಬೇಡ.

ಗಿಡಗಳ ಹೆಸರಿಗೆ ಬಂದರೆ, ದೊಡ್ಡಪತ್ರೆ ಆಗದು. ವಾಸನೆಯಲ್ಲಿ ನಂಟಿದೆ, ಎರಡರಲ್ಲೂ ಕಾರ್ವಕ್ರಾಲ್ ಇದೆ ನಿಜ. ಆದರೆ ಥೈಮ್ ಕಡ್ಡಿಯಂಥ ಪುಟ್ಟ ಪೊದೆ, ದೊಡ್ಡಪತ್ರೆಯದು ನೀರು ತುಂಬಿದ ದಪ್ಪ ಎಲೆ, ಒಣಗಿಸಹೊರಟರೆ ಕೊಳೆಯುವುದೇ ಹೆಚ್ಚು. ‘ಥೈಮ್’ ಎಂದೇ ಬಿಡಿ. ಓಮದಲ್ಲಿಯೂ ಥೈಮಾಲ್ ಇದೆಯೆಂದು ಅದನ್ನು ತರಬೇಡಿ, ಅದು ಕೊತ್ತಂಬರಿಯ ಕುಲದ್ದು. ಒರೆಗಾನೊಗೆ ಹತ್ತಿರದ ಬಂಧು ನಮ್ಮಲ್ಲಿ ಹೂಮಾಲೆಗೆ ಸೇರಿಸುವ ಮರುಗ. ಎರಡೂ ಒಂದೇ ಗಿಡವಲ್ಲವಾದ್ದರಿಂದ ‘ಮರುಗದ ಬಂಧು ಒರೆಗಾನೊ’ ಎಂದು ಒಮ್ಮೆ ಹೇಳಿದರೆ ಓದುಗರಿಗೆ ಹೊಳೆಯುತ್ತದೆ. ಬೇಸಿಲ್ ಬಂದರೆ ಕಾಮಕಸ್ತೂರಿ, ಫೆನಲ್ ಬಂದರೆ ಬಡೆಸೋಪು, ಇವಕ್ಕೆ ಅನುಮಾನವಿಲ್ಲ.

‘ಶುದ್ಧೀಕರಣ’ ಓದಿದರೆ ತೊಳೆಯುವ ಕೆಲಸವೆನಿಸುತ್ತದೆ. ಇಲ್ಲಿ ಆಗುವುದು ಹೊಟ್ಟೆ ಬರಿದಾಗುವುದು: ಹುಳುಗಳನ್ನು ಗಾಳಿಯಾಡುವ ಬಲೆಚೀಲದಲ್ಲೋ ಪಂಜರದಲ್ಲೋ ನಾಲ್ಕೈದು ದಿನ ಉಪವಾಸ ಕೆಡವುತ್ತಾರೆ. ‘ಹೊಟ್ಟೆ ಬರಿದು ಮಾಡುವುದು’ ಎಂದರೆ ಸಾಕು. ಸ್ಪೇನಿನ ಕಡೆ ಈ ಹಂತದಲ್ಲೇ ರೋಸ್ಮರಿ, ಥೈಮ್ ಕಡ್ಡಿಗಳನ್ನು ಪಂಜರದೊಳಗೆ ಇಡುವ ರೂಢಿಯಿದೆ. ಅದು ಮಾಂಸದ ರುಚಿಗಾಗಿ, ಬೆಳವಣಿಗೆಗಲ್ಲ. ಆದ್ದರಿಂದ ಆ ಪರಿಚ್ಛೇದದಲ್ಲಿ ‘ಸೇರ್ಪಡೆ’ಯೂ ಬೇಡ, ‘ಪರಿಮಳಕ್ಕಾಗಿ ಇಡುವ ಸೊಪ್ಪು’ ಎಂದು ಬಿಡಿಸಿ ಬರೆಯಿರಿ.

ಇನ್ನೊಂದು ಮಾತು. ಮರಿಗಳ ಅಧ್ಯಾಯಕ್ಕೆ ರೇಷ್ಮೆಯವರ ‘ಚಾಕಿ’ಯನ್ನು ಎರವಲು ತರಬಹುದು, ಎಳೆಯ ಹಂತದ ಸಾಕಣೆಗೆ ಚೆನ್ನಾಗಿ ಕೂರುತ್ತದೆ. ‘ಜ್ವರ’ ಮಾತ್ರ ತರಬೇಡಿ. ರೇಷ್ಮೆಹುಳು ಜ್ವರಕ್ಕೆ ಕೂರುವುದು ಪೊರೆ ಬಿಡಲು; ಬಸವನಹುಳು ಪೊರೆ ಬಿಡುವುದಿಲ್ಲ, ಒಣ ಹವೆಯಲ್ಲಿ ಚಿಪ್ಪಿನ ಬಾಯಿಗೆ ತೆಳು ಪರದೆ ಕಟ್ಟಿಕೊಂಡು ಮಲಗುತ್ತದೆ, ಅಷ್ಟೇ.