ಎವರ್‌ಗ್ಲೇಡ್ಸ್‌ನಲ್ಲಿ ಅಲಿಗೇಟರ್ ನೋಡಿದವರು ಅನುಭವ ಹೇಳ್ತೀರಾ?

ಪ್ರಶ್ನೆ: ನಾವು ಅಟ್ಲಾಂಟಾದಲ್ಲಿದ್ದೇವೆ. ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದಾರೆ. ಡಿಸೆಂಬರ್ ಕೊನೆಗೆ ನಾಲ್ಕು ದಿನ ಮಯಾಮಿಗೆ ಹೊರಟಿದ್ದೇವೆ. ಮಕ್ಕಳಿಗೆ 4 ಮತ್ತು 9 ವರ್ಷ. ಮೊಸಳೆಯ ಸಂಬಂಧಿ ಅಲಿಗೇಟರ್ ಅನ್ನು ಬೋನಿನಲ್ಲಲ್ಲ, ಅದು ಬದುಕುವ ಜಾಗದಲ್ಲೇ, ಅಂದರೆ ಮಯಾಮಿ ಹತ್ತಿರದ ಎವರ್‌ಗ್ಲೇಡ್ಸ್ ಜೌಗು ಪ್ರದೇಶದ ನ್ಯಾಷನಲ್ ಪಾರ್ಕಿನಲ್ಲಿ ತೋರಿಸುವ ಆಸೆ. ಅಪ್ಪನಿಗೆ ಮಂಡಿ ನೋವು, ಜಾಸ್ತಿ ನಡೆಯಲಾರರು. ಏರ್‌ಬೋಟ್ (ಹಿಂದೆ ದೊಡ್ಡ ಫ್ಯಾನ್ ಇರುವ ದೋಣಿ) ಹತ್ತಲೇಬೇಕಾ?

ಟ್ಯಾಂಪಾದಿಂದ:
ಏರ್‌ಬೋಟ್ ಇಲ್ಲದೆಯೂ ಧಾರಾಳವಾಗಿ ಕಾಣುತ್ತವೆ. ಒಳ್ಳೆಯ ಸಮಯವನ್ನೇ ಆರಿಸಿದ್ದೀರಿ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ಮಳೆ ಕಡಿಮೆ. ಬಯಲೆಲ್ಲ ಹರಡಿದ್ದ ನೀರು ಇಳಿದು ಗುಂಡಿಗಳಲ್ಲಿ ಮಾತ್ರ ಉಳಿಯುತ್ತದೆ. ಮೀನು ಅಲ್ಲಿ ಸೇರುತ್ತವೆ, ಮೀನಿಗಾಗಿ ಹಕ್ಕಿ, ಅಲಿಗೇಟರ್ ಎಲ್ಲವೂ ಅಲ್ಲಿಗೇ ಬರುತ್ತವೆ. ನಾವು ಮೊದಲ ಸಲ ಜುಲೈನಲ್ಲಿ ಹೋಗಿದ್ದೆವು. ಮೂರು ಗಂಟೆ ಸುತ್ತಿ ಕಂಡಿದ್ದು ಒಂದೇ. ಸೊಳ್ಳೆ ಕಾಟಕ್ಕೆ ಮಕ್ಕಳು ಅತ್ತುಬಿಟ್ಟರು. ಫೆಬ್ರವರಿಯಲ್ಲಿ ಅದೇ ದಾರಿಯಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಎಣಿಸಿದೆವು.

ಹೋಮ್‌ಸ್ಟೆಡ್ ಊರಿನ ಕಡೆಯ ಪಾರ್ಕ್ ಗೇಟಿನಿಂದ ಸುಮಾರು 4 ಮೈಲಿ ಒಳಗೆ ರಾಯಲ್ ಪಾಮ್ ಅನ್ನೋ ಜಾಗ ಇದೆ. ಅಲ್ಲಿನ ಆನ್‌ಹಿಂಗಾ ಟ್ರೇಲ್ ಅನ್ನೋ ಕಾಲುದಾರಿ ಹೋಗಿ ಬರಲು ಒಂದು ಮೈಲಿಯೂ ಇಲ್ಲ. ಸಮತಟ್ಟು, ವೀಲ್‌ಚೇರ್ ಸಲೀಸಾಗಿ ಹೋಗುತ್ತದೆ. ಚಳಿ ಇದ್ದ ದಿನ ತೀರಾ ಬೆಳಗ್ಗೆ ಹೋಗಬೇಡಿ, ಬಿಸಿಲೇರಿದ ಮೇಲೆ ಅವು ಮೈ ಕಾಯಿಸಲು ದಡಕ್ಕೆ ಬರುತ್ತವೆ. ದೂರಕ್ಕೆ ಹಳೇ ಟೈರು ಬಿದ್ದ ಹಾಗೆ ಕಾಣುತ್ತದೆ. ಒಂದು ಕಡೆ ಸುಮ್ನೆ ಐದು ನಿಮಿಷ ನಿಲ್ಲಿ. ನೀರಿನ ಮೇಲೆ ಮೂಗಿನ ತುದಿ, ಕಣ್ಣು ಇಷ್ಟೇ ಇರುತ್ತವೆ. ಒಂದು ಸಿಕ್ಕರೆ ಅದರ ಪಕ್ಕದಲ್ಲೇ ಇನ್ನೆರಡು ಸಿಗುತ್ತವೆ.

ಅಲ್ಲಿ ಪಾರ್ಕಿಂಗ್‌ನಲ್ಲಿ ರಣಹದ್ದುಗಳು ಕಾರಿನ ವೈಪರ್ ರಬ್ಬರ್ ಕಿತ್ತು ಹಾಕುತ್ತವೆ. ಟಾರ್ಪಾಲು ಇಟ್ಟಿರುತ್ತಾರೆ, ಮರೆಯದೆ ಹೊದಿಸಿ.

ಮಯಾಮಿಯಿಂದ:
ನಿಮ್ಮ ತಂದೆಯವರಿಗೆ ಅದೇ ಪಾರ್ಕಿನ ಇನ್ನೊಂದು ಕಡೆಯ ಶಾರ್ಕ್ ವ್ಯಾಲಿ ಇನ್ನೂ ಸುಲಭ. 15 ಮೈಲಿ ಸುತ್ತಿನ ದಾರಿ, ಎರಡೂ ಬದಿ ತೆರೆದ ಟ್ರಾಮ್, ಸುಮಾರು ಎರಡು ಗಂಟೆ. ಕೂತಲ್ಲಿಂದಲೇ ರಸ್ತೆ ಪಕ್ಕದ ಕಾಲುವೆಯಲ್ಲಿ ಕಾಣುತ್ತವೆ. ರಜೆಯ ದಿನಗಳಲ್ಲವೇ, ಮೊದಲೇ ಬುಕ್ ಮಾಡಿ.

ನಮ್ಮತ್ತೆ ಶ್ರೀರಂಗಪಟ್ಟಣದವರು. ನೋಡಿದ ಕೂಡಲೇ "ಇದು ನಮ್ಮ ರಂಗನತಿಟ್ಟಿನ ಮೊಸಳೆಯೇ ಅಲ್ವಾ" ಅಂದರು. ನಮ್ಮ ಕಡೆಯ ಮೊಸಳೆಗೂ ಮೂತಿ ಅಗಲ, ಹಾಗಾಗಿ ಯಾರಿಗಾದರೂ ಹಾಗೆ ಅನ್ನಿಸುತ್ತದೆ. ಹಲ್ಲು ನೋಡಿ ಗುರುತಿಸಬೇಕು. ಬಾಯಿ ಮುಚ್ಚಿದಾಗ ಅಲಿಗೇಟರ್‌ನ ಕೆಳಗಿನ ಹಲ್ಲು ಒಳಗೆ ಅಡಗುತ್ತವೆ. ಮೊಸಳೆಗೆ ಕೆಳಗಿನ ನಾಲ್ಕನೇ ಹಲ್ಲು ಹೊರಗೇ ಕಾಣುತ್ತದೆ. ಅಲಿಗೇಟರ್ ಮತ್ತು ಮೊಸಳೆ ಎರಡೂ ಸಹಜವಾಗಿ ಒಂದೇ ಕಡೆ ಒಟ್ಟಿಗೆ ಬದುಕುವುದು ದಕ್ಷಿಣ ಫ್ಲಾರಿಡಾದಲ್ಲಿ ಮಾತ್ರ. ಸಮಯವಿದ್ದರೆ ಪಾರ್ಕಿನ ದಕ್ಷಿಣ ತುದಿಯ ಫ್ಲೆಮಿಂಗೋ ದೋಣಿ ಕಟ್ಟೆಯವರೆಗೂ ಹೋಗಿ. ಬೂದು ಬಣ್ಣದ, ಚೂಪು ಮೂತಿಯ ಅಮೆರಿಕನ್ ಮೊಸಳೆ ಅಲ್ಲಿ ಮಲಗಿರುತ್ತದೆ. ಅತ್ತೆಯವರು ಅದರ ಮುಂದೆ ಅರ್ಧ ಗಂಟೆ ನಿಂತಿದ್ದರು.

ಒರ್ಲಾಂಡೋದಿಂದ:
ಚಿಕ್ಕ ಮಗುವಿನ ಬಗ್ಗೆ ಹೇಳಲೇಬೇಕು. ಆನ್‌ಹಿಂಗಾದಲ್ಲಿ ಕೆಲವು ಕಡೆ ಅಲಿಗೇಟರ್ ದಾರಿಯ ಅಂಚಿಗೇ ಬಂದು ಮಲಗುತ್ತದೆ, ನಡುವೆ ಬೇಲಿ ಇರುವುದಿಲ್ಲ. ಕಲ್ಲಿನ ಹಾಗೆ ಬಿದ್ದಿದ್ದು ಒಂದೇ ಕ್ಷಣದಲ್ಲಿ ನುಗ್ಗಬಲ್ಲದು. ಪಾರ್ಕಿನ ನಿಯಮ 15 ಅಡಿ, ಅಂದರೆ ಒಂದು ಕಾರಿನಷ್ಟು ದೂರ. ಮಗುವಿನ ಕೈ ಬಿಡಬೇಡಿ. ಅದು ಬುಸ್ ಅಂದರೆ ನೀವು ತೀರಾ ಹತ್ತಿರ ಹೋಗಿದ್ದೀರಿ ಅಂತಲೇ ಅರ್ಥ. ಹಳದಿ ಪಟ್ಟೆಯ ಮರಿಗಳು ಕಂಡರೆ ತಾಯಿ ಅಲ್ಲೇ ಎಲ್ಲೋ ಇರುತ್ತದೆ, ಹಿಂದೆ ಸರಿಯಿರಿ.

ನನ್ನ ಮಗ ಒಮ್ಮೆ ಬಿಸ್ಕತ್ತು ಎಸೆಯಲು ಕೈ ಎತ್ತಿದ್ದ, ಹಿಡಿದುಕೊಂಡೆ. ತಿನ್ನಿಸುವುದು ಫ್ಲಾರಿಡಾದಲ್ಲಿ ಅಪರಾಧ. ಮನುಷ್ಯರೆಂದರೆ ಊಟ ಅಂತ ಅದಕ್ಕೆ ಅಭ್ಯಾಸವಾಗುತ್ತದೆ, ಆಮೇಲೆ ಅದನ್ನು ಕೊಲ್ಲಬೇಕಾಗುತ್ತದೆ. ಮಗನಿಗೆ ಇದನ್ನು ಹೇಳಿದಾಗ ತುಂಬಾ ಹೊತ್ತು ಮಾತಾಡಲಿಲ್ಲ.

ನೀವು ಉಳಿಯುವ ಹೋಟೆಲಿನ ಹಿಂದೆ ಕೆರೆ, ಕೊಳ ಇದ್ದರೆ ಅಲ್ಲೂ ಇರಬಹುದು. ಸಂಜೆಯ ಮೇಲೆ ಅವು ಚುರುಕು. ಕತ್ತಲಾದ ಮೇಲೆ ಮಕ್ಕಳನ್ನು ನೀರಿನಂಚಿಗೆ ಬಿಡಬೇಡಿ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಏರ್‌ಬೋಟ್ ಬಿಟ್ಟೆವು. ಶಾರ್ಕ್ ವ್ಯಾಲಿ ಟ್ರಾಮ್ ಬುಕ್ ಆಯಿತು. ಮಾರನೇ ದಿನ ರಾಯಲ್ ಪಾಮ್, ಅಪ್ಪನಿಗೆ ಆಯಾಸವಾಗದಿದ್ದರೆ ಫ್ಲೆಮಿಂಗೋ. ನಾಲ್ಕನೇ ಹಲ್ಲಿನ ವಿಷಯ ಕೇಳಿ ದೊಡ್ಡ ಮಗಳು ಈಗಲೇ ಬೈನಾಕ್ಯುಲರ್ ತೆಗೆದಿಟ್ಟುಕೊಂಡಿದ್ದಾಳೆ.