ಎಸ್‌ಎಸ್‌ಡಿ ಹಾಕಿದ ಮೇಲೆ ವಿಂಡೋಸ್ ಕೀ ಕೇಳ್ತಾ ಇದೆ: ಬೋರ್ಡಿನಲ್ಲೇ ಇರುವ ಕೀ ಎಲ್ಲಿ ಹೋಯ್ತು?

ಶಿರಸಿ_ಪೇಟೆ ಕೇಳಿದ್ದು:

ಎರಡು ಲ್ಯಾಪ್‌ಟಾಪ್‌ಗಳ ವಿಷಯ.

ಒಂದು ಶಿರಸಿಯಲ್ಲಿದೆ. 2019ರದ್ದು, ಎಂಟನೇ ತಲೆಮಾರಿನ ಐ5. ಕೊಂಡಾಗ ವಿಂಡೋಸ್ 10 ಹೋಮ್ ಸಿಂಗಲ್ ಲ್ಯಾಂಗ್ವೇಜ್ ಇತ್ತು. ಅಡಿಯಲ್ಲಿ ಕೀ (ವಿಂಡೋಸ್ ಆಕ್ಟಿವೇಟ್ ಮಾಡುವ 25 ಅಕ್ಷರದ ಕೋಡ್) ಬರೆದ ಸ್ಟಿಕ್ಕರ್ ಇಲ್ಲ. ಹಾರ್ಡ್‌ಡಿಸ್ಕ್ ತೆಗೆಸಿ 500 ಜಿಬಿ ಎಸ್‌ಎಸ್‌ಡಿ ಹಾಕಿಸಿ ಆಯ್ತು. ಅಂಗಡಿಯಲ್ಲಿ ವಿಂಡೋಸ್ 11 ಪ್ರೊ ಹಾಕಿ ಕೊಟ್ಟಿದ್ದಾರೆ. ಈಗ ಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಅಂತ ಮಸುಕಾಗಿ ಕೂತಿದೆ, ಸೆಟ್ಟಿಂಗ್ಸ್‌ನಲ್ಲಿ 0ಎಕ್ಸ್‌ಸಿ004ಎಫ್212 ಅನ್ನುವ ಎರರ್. ಕೀಗೆ ಬೇರೆ ದುಡ್ಡು ಅನ್ನುತ್ತಾರೆ. ಹಳೇ ಡಿಸ್ಕ್ ಕೈಯಲ್ಲೇ ಇದೆ.

ಇನ್ನೊಂದು ಕುಮಟೆಯಲ್ಲಿದೆ, ಅಕ್ಕನ ಮಗಳದ್ದು. ಬೋರ್ಡಿಗೆ ಉಪ್ಪುಗಾಳಿ ಹೊಡೆದು ಆನ್ ಆಗ್ತಿರಲಿಲ್ಲ. ಚಿಪ್ ಲೆವೆಲ್ ರಿಪೇರಿ ಮಾಡಿ ‘ಬಯಾಸ್ (ಆನ್ ಮಾಡಿದ ಕೂಡಲೇ ಓಡುವ ಬೋರ್ಡಿನ ಪ್ರೋಗ್ರಾಂ) ಹೊಸದಾಗಿ ಬರೆದಿದ್ದೇವೆ’ ಅಂದರು. ಅದರಲ್ಲಿ ಈಗ 0ಎಕ್ಸ್‌ಸಿ004ಎಫ್213. ಎರಡಕ್ಕೂ ಹೊಸ ಕೀ ಕೊಳ್ಳಲೇಬೇಕಾ?

ಕಾಳಿ_ತೀರ, ಕಾರವಾರ:

ಮೊದಲನೆಯದಕ್ಕೆ ಒಂದು ರೂಪಾಯಿಯೂ ಕೊಡಬೇಡಿ. ಕೀ ಡಿಸ್ಕಿನಲ್ಲಿ ಇರೋದೇ ಅಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಕಂಪನಿಯವರು ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ (ಅಂದರೆ ಬಯಾಸ್ ಚಿಪ್ಪಿನಲ್ಲೇ), ಎಂಎಸ್‌ಡಿಎಂ ಅನ್ನುವ ಎಸಿಪಿಐ ಟೇಬಲ್ಲಿನಲ್ಲಿ (ಬೋರ್ಡು ವಿಂಡೋಸ್‌ಗೆ ಒಪ್ಪಿಸುವ ಮಾಹಿತಿಯ ಪಟ್ಟಿ) ಬರೆದು ಕಳಿಸುತ್ತಾರೆ. ಸ್ಟಿಕ್ಕರ್ ಇಲ್ಲದಿರೋದು ಅದಕ್ಕೇ.

ನಿಮ್ಮ ತೊಂದರೆ ಕೀಯದ್ದಲ್ಲ, ಎಡಿಶನ್ನಿನದು. ಬೋರ್ಡಿನಲ್ಲಿರುವುದು ಹೋಮ್ ಸಿಂಗಲ್ ಲ್ಯಾಂಗ್ವೇಜ್ ಕೀ, ಹಾಕಿರುವುದು ಪ್ರೊ. 212ರಲ್ಲಿ ಕೊನೆಯಾಗುವ ಎರರ್ ಹೇಳೋದು ಅದನ್ನೇ. ಮೈಕ್ರೋಸಾಫ್ಟಿನ ಮಾಮೂಲಿ ಪೆನ್‌ಡ್ರೈವ್ ಆಗಿದ್ದರೆ ಸೆಟಪ್ ತಾನಾಗಿ ಬೋರ್ಡಿನ ಕೀ ಓದಿ, ಯಾವ ಎಡಿಶನ್ ಅಂತ ಕೇಳದೆ ಹೋಮ್ ಸಿಂಗಲ್ ಲ್ಯಾಂಗ್ವೇಜನ್ನೇ ಹಾಕುತ್ತಿತ್ತು. ಪ್ರೊ ಬಂದಿದೆ ಅಂದರೆ ಅವರ ಪೆನ್‌ಡ್ರೈವಿನ ‘ಸೋರ್ಸಸ್’ ಫೋಲ್ಡರಿನಲ್ಲಿ ಪಿಐಡಿ ಅಥವಾ ಇಐ ಅನ್ನುವ ಸಣ್ಣ ಫೈಲ್ ಇದ್ದಿರಬೇಕು, ಇಲ್ಲಾ ರೆಡಿ ಇಮೇಜ್ (ಮೊದಲೇ ಸಿದ್ಧ ಮಾಡಿಟ್ಟ ವಿಂಡೋಸ್‌ನ ನಕಲು) ಇಳಿಸಿರಬೇಕು. ಆ ಫೈಲ್ ಇದ್ದರೆ ಸೆಟಪ್ ಅದರ ಮಾತು ಮೊದಲು ಕೇಳುತ್ತದೆ, ಬೋರ್ಡಿನ ಕೀ ಆಮೇಲೆ.

ಏನನ್ನೂ ಅಳಿಸುವ ಮೊದಲು ಕೀ ಇದೆಯಾ ನೋಡಿ. ಪವರ್‌ಶೆಲ್‌ನಲ್ಲಿ (ವಿಂಡೋಸ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಕಿಟಕಿ) ಸಾಫ್ಟ್‌ವೇರ್‌ಲೈಸೆನ್ಸಿಂಗ್‌ಸರ್ವಿಸ್ ಕ್ಲಾಸನ್ನು ಗೆಟ್-ಸಿಐಎಂಇನ್‌ಸ್ಟನ್ಸ್‌ನಿಂದ ತೆರೆದರೆ ‘ಓಎ3ಎಕ್ಸ್ ಒರಿಜಿನಲ್ ಪ್ರಾಡಕ್ಟ್ ಕೀ’ ಎಂಬ ಸಾಲಿನಲ್ಲಿ 25 ಅಕ್ಷರ ಕಾಣಬೇಕು. ಅದರ ಪಕ್ಕದ ‘ಡಿಸ್ಕ್ರಿಪ್ಷನ್’ ಸಾಲಿನಲ್ಲಿ ‘ಕೋರ್ ಸಿಂಗಲ್ ಲ್ಯಾಂಗ್ವೇಜ್’ ಅಂತ ಇರುತ್ತದೆ (ಕೋರ್ ಅಂದರೆ ಹೋಮ್). ನಮಗೆ ಬೇಕಾದ ಮಾಹಿತಿ ಅದೇ. ಹಳೇ ಬ್ಲಾಗುಗಳಲ್ಲಿ ಬರೋ ಡಬ್ಲ್ಯೂಎಂಐಸಿ ಕಮಾಂಡ್ ಈಗಿನ ವಿಂಡೋಸ್ 11ರಲ್ಲಿ ಸಿಗದೇ ಇರಬಹುದು, ಅದಕ್ಕೆ ಗಾಬರಿ ಬೇಡ. ‘ಕೀ ತೋರಿಸುವ’ ಬಿಟ್ಟಿ ಸಾಫ್ಟ್‌ವೇರ್ ನಂಬಬೇಡಿ. ಅವು ಹೆಚ್ಚಾಗಿ ಈಗ ಇನ್‌ಸ್ಟಾಲ್ ಆಗಿರುವ ಕೀ ತೋರಿಸುತ್ತವೆ. 3ವಿ66ಟಿ ಅಂತ ಮುಗಿದರೆ ಅದು ಎಲ್ಲರಿಗೂ ಒಂದೇ ಆದ ಪ್ರೊ ಜೆನೆರಿಕ್ ಕೀ, ನಿಮ್ಮದಲ್ಲ.

ಕೀ ಬದಲಿಸಿ ಪ್ರೊದಿಂದ ಹೋಮ್‌ಗೆ ಇಳಿಯಲು ಬರೋದಿಲ್ಲ, ಹೊಸದಾಗಿಯೇ ಹಾಕಬೇಕು. 8 ಜಿಬಿ ಪೆನ್‌ಡ್ರೈವ್ ಸಾಕು, ಅದರಲ್ಲಿರುವುದೆಲ್ಲ ಅಳಿಯುತ್ತದೆ. ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ಮಾಡಿ. ಕಂಪನಿ, ಕಾಲೇಜುಗಳ ವಾಲ್ಯೂಮ್ ಐಎಸ್‌ಓ (ಸಂಸ್ಥೆಗಳಿಗೆಂದೇ ಇರುವ ಇನ್‌ಸ್ಟಾಲ್ ಫೈಲ್) ತರಬೇಡಿ. ಅದರೊಳಗೆ ಹೋಮ್ ಇರುವುದೇ ಇಲ್ಲ, ‘ಈ ಕೀಗೆ ಹೊಂದುವ ಇಮೇಜ್ ಇಲ್ಲ’ ಅಂತ ಅರ್ಧದಲ್ಲೇ ನಿಲ್ಲುತ್ತದೆ.

ಆಮೇಲೆ, ಹಳೇ ಡಿಸ್ಕನ್ನು ಕೇಸಿಗೆ ಹಾಕಿ ಯುಎಸ್‌ಬಿಗೆ ಚುಚ್ಚಿಕೊಂಡಿದ್ದರೆ ಇನ್‌ಸ್ಟಾಲ್ ಮಾಡುವಾಗ ಕಿತ್ತಿಡಿ. ಎರಡು ಡಿಸ್ಕ್ ಕಂಡರೆ ಬೂಟ್ ಫೈಲುಗಳು ಕೆಲವೊಮ್ಮೆ ಹಳೇದರ ಇಎಫ್‌ಐ ಪಾರ್ಟಿಶನ್ನಿಗೆ (ಬೂಟ್‌ಗೆಂದೇ ಇರುವ ಸಣ್ಣ ಭಾಗ) ಹೋಗಿ ಕೂರುತ್ತವೆ. ಅದನ್ನು ತೆಗೆದ ದಿನ ಲ್ಯಾಪ್‌ಟಾಪ್ ಏಳೋದಿಲ್ಲ. ಬೂಟ್ ಮೆನುವಿನಲ್ಲಿ ‘ಯುಇಎಫ್‌ಐ’ ಅಂತ ಶುರುವಾಗುವ ಪೆನ್‌ಡ್ರೈವ್ ಹೆಸರನ್ನೇ ಆರಿಸಿ. ಎಸ್‌ಎಸ್‌ಡಿಯ ಎಲ್ಲಾ ಪಾರ್ಟಿಶನ್ ಅಳಿಸಿ, ಒಂದೇ ಖಾಲಿ ಜಾಗ ಉಳಿದ ಮೇಲೆ ಮುಂದೆ ಒತ್ತಿ, ಉಳಿದದ್ದು ಸೆಟಪ್ ನೋಡಿಕೊಳ್ಳುತ್ತದೆ. ಡಿಸ್ಕೇ ಕಾಣದಿದ್ದರೆ ಎಸ್‌ಎಸ್‌ಡಿ ಕೆಟ್ಟಿದೆ ಅಂದುಕೊಳ್ಳಬೇಡಿ. ಬಯಾಸ್‌ನಲ್ಲಿ ಸ್ಟೋರೇಜ್ ಆರ್‌ಎಸ್‌ಟಿ ಅನ್ನುವ ಇಂಟೆಲ್ ಮೋಡಿನಲ್ಲಿರುತ್ತದೆ, ಅದಕ್ಕೆ ಬೇರೆ ಡ್ರೈವರ್ ಬೇಕು (11ನೇ ತಲೆಮಾರಿನಿಂದ ಈಚಿನವುಗಳಲ್ಲಿ ವಿಎಂಡಿ). ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ ಇಳಿಸಿ, ಬಿಚ್ಚಿ, ಅದೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ‘ಲೋಡ್ ಡ್ರೈವರ್’ ಒತ್ತಿದರೆ ಬರುತ್ತದೆ.

ಕೀ ಎಲ್ಲೂ ಟೈಪ್ ಮಾಡಬೇಕಾಗಿಲ್ಲ. ಎಡಿಶನ್ ಪಟ್ಟಿ ಬಂದರೆ ಸೆಟಪ್ಪಿಗೆ ಬೋರ್ಡಿನ ಕೀ ಸಿಕ್ಕಿಲ್ಲ ಅಂತಲೇ ಅರ್ಥ, ಆಗ ಮುಂದೆ ಹೋಗಬೇಡಿ, ಇಲ್ಲಿ ಬರೆಯಿರಿ. ಇನ್‌ಸ್ಟಾಲ್ ಆದಮೇಲೆ ವೈಫೈ ಡ್ರೈವರ್ ಇಲ್ಲದಿದ್ದರೆ ಫೋನಿನಿಂದ ಯುಎಸ್‌ಬಿ ಟೆದರಿಂಗ್ ಕೊಡಿ. ಮಳೆಗಾಲದಲ್ಲಿ ನೆಟ್ ಹೋಗಿದ್ದರೆ, ಬಂದಾಗ ತಾನೇ ಆಕ್ಟಿವೇಟ್ ಆಗುತ್ತದೆ.

ವಿಂಡೋಸ್ 10ರ ಕೀಯಲ್ಲೇ 11ರ ಅದೇ ಎಡಿಶನ್ ನಡೆಯುತ್ತದೆ. 2025ರ ಅಕ್ಟೋಬರ್ 14ಕ್ಕೆ 10ರ ಬೆಂಬಲ ಮುಗಿದಿರುವುದರಿಂದ 11ನ್ನೇ ಹಾಕಿ. ಎಂಟನೇ ತಲೆಮಾರು ಆದ್ದರಿಂದ ಅಡ್ಡಿಯಿಲ್ಲ, ಬಯಾಸ್‌ನಲ್ಲಿ ಪಿಟಿಟಿ (11 ಕೇಳುವ ಟಿಪಿಎಂ ಭದ್ರತೆಗೆ ಇಂಟೆಲ್ ಇಟ್ಟ ಹೆಸರು) ಆನ್ ಇರಲಿ. (ಬೋರ್ಡಿನಲ್ಲಿ ವಿಂಡೋಸ್ 8ರ ಕೀ ಇದ್ದವರಿಗೆ ಈ ದಾರಿ ಇಲ್ಲ. 7 ಮತ್ತು 8ರ ಕೀಗಳಿಂದ ಹೊಸದಾಗಿ ಆಕ್ಟಿವೇಟ್ ಮಾಡುವುದನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿತು.)

ಬೆಸುಗೆ_ಕಡ್ಡಿ, ಅಂಕೋಲಾ:

ಕುಮಟೆಯದ್ದು ಬೇರೆ ಕಥೆ ಮಾರಾಯ್ರೆ. 213 ಅಂದರೆ ಬೋರ್ಡಿನಲ್ಲಿ ಕೀ ಇಲ್ಲವೇ ಇಲ್ಲ.

ಬಯಾಸ್ ಅಪ್‌ಡೇಟ್ ಮಾಡಿದರೆ, ಸಿಎಂಓಎಸ್ ಬ್ಯಾಟರಿ ಕಿತ್ತರೆ ಕೀ ಹೋಗೋದಿಲ್ಲ. ಕಂಪನಿಯ ಅಪ್‌ಡೇಟ್ ಪ್ರೋಗ್ರಾಂ ಆ ಭಾಗವನ್ನು ಮುಟ್ಟದೆ ಬಿಡುತ್ತದೆ. ಹೋಗೋದು ಚಿಪ್ಪಿಗೇ ಕ್ಲಿಪ್ ಕಚ್ಚಿಸಿ, ನೆಟ್‌ನಲ್ಲಿ ಸಿಕ್ಕ ಇನ್ಯಾವುದೋ ಮೆಷಿನ್ನಿನ ಡಂಪ್ (ಚಿಪ್ಪಿನಲ್ಲಿರುವುದರ ನಕಲು ಫೈಲ್) ಪೂರ್ತಿ ಬರೆದಾಗ. ಎಂಟು ಕಾಲಿನ ಆ ಒಂದು ಚಿಪ್ಪಿನಲ್ಲೇ (ಸಾಮಾನ್ಯವಾಗಿ 16 ಎಂಬಿ) ಬಯಾಸ್, ಸೀರಿಯಲ್ ನಂಬರ್, ಯುಯುಐಡಿ (ಮೆಷಿನ್ನಿನ ಗುರುತಿನ ಸಂಖ್ಯೆ), ವಿಂಡೋಸ್ ಕೀ ಎಲ್ಲ ಒಟ್ಟಿಗೆ ಇರುತ್ತವೆ. ಬಯಾಸ್ ತೆರೆದು ಸೀರಿಯಲ್ ನಂಬರನ್ನು ಅಡಿಯಲ್ಲಿರುವ ನಂಬರಿನೊಂದಿಗೆ ಹೋಲಿಸಿ. ಬೇರೆ ಇದ್ದರೆ ಅಥವಾ ಖಾಲಿ ಇದ್ದರೆ ಆಗಿದ್ದು ಇದೇ.

ರಿಪೇರಿ ಮಾಡಿದವರ ಹತ್ತಿರ ಇವತ್ತೇ ಕೇಳಿ: ಬರೆಯುವ ಮೊದಲು ಹಳೇ ಚಿಪ್ಪಿನ ಡಂಪ್ ತೆಗೆದಿಟ್ಟಿದ್ದಾರಾ? ಪದ್ಧತಿ ಗೊತ್ತಿದ್ದವರು ಎರಡು ಸಲ ಓದಿ, ಎರಡೂ ಫೈಲ್ ಒಂದೇ ಇದೆಯಾ ನೋಡಿ ಇಟ್ಟುಕೊಂಡಿರುತ್ತಾರೆ. ಅದನ್ನು ಹೆಕ್ಸ್ ಎಡಿಟರ್‌ನಲ್ಲಿ (ಫೈಲಿನ ಬೈಟುಗಳನ್ನು ಹಾಗೇ ತೋರಿಸುವ ಪ್ರೋಗ್ರಾಂ) ತೆರೆದರೆ ಬಹಳಷ್ಟು ಬೋರ್ಡುಗಳಲ್ಲಿ ಐದೈದು ಅಕ್ಷರದ ಐದು ಗುಂಪು, ನಡುವೆ ನಾಲ್ಕು ಗೆರೆ, ಹೀಗೆ 29 ಅಕ್ಷರ ಕಣ್ಣಿಗೇ ಕಾಣುತ್ತದೆ. ಸಿಕ್ಕರೆ ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟದಲ್ಲಿ ಕೈಯಿಂದ ಟೈಪ್ ಮಾಡಿ ನೋಡಿ. ಆದರೆ ಶಾಶ್ವತ ಪರಿಹಾರ ಅಂದರೆ ಹಳೇ ಡಂಪಿನ ಕೆಟ್ಟ ಬಯಾಸ್ ಭಾಗವನ್ನು ಮಾತ್ರ ಬದಲಿಸಿ, ಸೀರಿಯಲ್ ಮತ್ತು ಕೀ ಇರುವ ಭಾಗ ಹಾಗೇ ಉಳಿಸಿ ತಿರುಗಿ ಬರೆಸುವುದು. ಬರೆಯುವವರಿಗೆ ಒಂದು ಮಾತು: ಎಷ್ಟೋ ಹೊಸ ಬೋರ್ಡುಗಳಲ್ಲಿ 1.8 ವೋಲ್ಟ್ ಚಿಪ್ ಇರುತ್ತವೆ. ಸಿಎಚ್341ಎ ಪ್ರೋಗ್ರಾಮರನ್ನು (ಚಿಪ್ಪಿಗೆ ಬರೆಯುವ ಉಪಕರಣ) 1.8 ವೋಲ್ಟಿನ ಅಡಾಪ್ಟರ್ ಇಲ್ಲದೆ ಹಚ್ಚಿದರೆ ಚಿಪ್ ಸುಡಬಹುದು.

ಡಂಪ್ ಇಲ್ಲ ಅಂದರೆ? ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್. ಅವರು ಬೋರ್ಡ್ ಬದಲಿಸಿದರೆ ಹೊಸದಕ್ಕೆ ಸೀರಿಯಲ್, ಕೀ ಎರಡನ್ನೂ ಬರೆಯಬೇಕು. ಜಾಬ್ ಶೀಟಿನಲ್ಲಿ ‘ವಿಂಡೋಸ್ ಆಕ್ಟಿವೇಟ್ ಆಗಿರಬೇಕು’ ಅಂತ ಬರೆಸದೆ ಕೊಡಬೇಡಿ.

ಕೀ ಉಂಟೋ ಇಲ್ಲವೋ ಅಂತ ವಿಂಡೋಸ್ ಇಲ್ಲದೆಯೂ ನೋಡಬಹುದು. ಯಾವುದಾದರೂ ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಸಿಸ್, ಅದರೊಳಗೆ ಫರ್ಮ್‌ವೇರ್, ಎಸಿಪಿಐ, ಟೇಬಲ್ಸ್ ಫೋಲ್ಡರ್ ನೋಡಿ. ಎಂಎಸ್‌ಡಿಎಂ ಅನ್ನುವ ಫೈಲ್ ಇದ್ದರೆ ರೂಟ್ ಆಗಿ (ಲಿನಕ್ಸ್‌ನ ಪೂರ್ಣ ಅಧಿಕಾರದ ಬಳಕೆದಾರನಾಗಿ) ತೆರೆಯಿರಿ: 85 ಬೈಟಿನ ಫೈಲ್, ಕೊನೆಯ 29 ಬೈಟ್ ಕೀ. ಫೈಲೇ ಇಲ್ಲದಿದ್ದರೆ ವಾದ ಮುಗಿಯಿತು.

ಅಡಿಕೆ_ಅಂಗಳ, ಸಿದ್ದಾಪುರ:

ಅಳಿಸುವ ಮೊದಲು ಇನ್ನೆರಡು. ಹಳೇ ಡಿಸ್ಕಿನಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿದ್ದರೆ ಅದು ತಾನಾಗಿ ಎನ್‌ಕ್ರಿಪ್ಟ್ ಆಗಿರಬಹುದು. ಬೇರೆ ಮೆಷಿನ್ನಿಗೆ ಚುಚ್ಚಿದಾಗ 48 ಅಂಕಿಯ ರಿಕವರಿ ಕೀ ಕೇಳುತ್ತದೆ, ಅದು ಆ ಅಕೌಂಟಿನಲ್ಲೇ ಇರುತ್ತದೆ. ಇದಕ್ಕೂ ವಿಂಡೋಸ್ ಕೀಗೂ ಸಂಬಂಧವಿಲ್ಲ, ಜನ ಎರಡನ್ನೂ ಕಲೆಸಿಬಿಡುತ್ತಾರೆ.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲುಗಳಿದ್ದರೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನೂ ಎತ್ತಿಟ್ಟುಕೊಳ್ಳಿ. ಯುನಿಕೋಡ್ ಅಲ್ಲದ ಆ ಫೈಲುಗಳು ಫಾಂಟ್ ಇಲ್ಲದಿದ್ದರೆ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಇನ್ನು ಲ್ಯಾಪ್‌ಟಾಪ್ ಜೊತೆ ಬಂದ ಆಫೀಸ್ ಬೋರ್ಡಿನ ಈ ಕೀಯಲ್ಲಿ ಸೇರಿಲ್ಲ. ಅದನ್ನು ಮೊದಲ ಸಲ ಆಕ್ಟಿವೇಟ್ ಮಾಡಿದ ಅಕೌಂಟಿನಲ್ಲಿ ಲಾಗಿನ್ ಆಗಿಯೇ ಮರಳಿ ಇಳಿಸಬೇಕು.

‘ಸಿಂಗಲ್ ಲ್ಯಾಂಗ್ವೇಜ್ ಆದರೆ ಕನ್ನಡ ಬರೋದಿಲ್ಲ’ ಅನ್ನುವ ಮಾತು ಕೇಳಿದ್ದೇನೆ. ಸುಳ್ಳು. ಆ ಮಿತಿ ಮೆನುಗಳ ಭಾಷೆಗೆ. ಕನ್ನಡ ಕೀಬೋರ್ಡ್ ಯಾವ ಎಡಿಶನ್ನಿನಲ್ಲೂ ಸೇರಿಸಬಹುದು.

ಶಿರಸಿ_ಪೇಟೆ:

ಮೊದಲನೆಯದು ಆಯ್ತು. ಡಿಸ್ಕ್ರಿಪ್ಷನ್‌ನಲ್ಲಿ ಕೋರ್ ಸಿಂಗಲ್ ಲ್ಯಾಂಗ್ವೇಜ್ ಇತ್ತು, ಎಡಿಶನ್ ಕೇಳಲೇ ಇಲ್ಲ, ನೆಟ್ ಕೊಟ್ಟ ಕೂಡಲೇ ‘ಡಿಜಿಟಲ್ ಲೈಸೆನ್ಸ್‌ನಿಂದ ಆಕ್ಟಿವೇಟ್ ಆಗಿದೆ’ ಅಂತ ಬಂತು. ಕುಮಟೆಯದರಲ್ಲಿ ಸೀರಿಯಲ್ ನಂಬರ್ ಬೇರೆಯೇ ಇದೆ, ಡಂಪ್ ಹುಡುಕಿ ನೋಡ್ತೇವೆ ಅಂದಿದ್ದಾರೆ. ಈಗ ಶಿರಸಿಯದರಲ್ಲಿ ಟಚ್‌ಪ್ಯಾಡ್ ಮಾತ್ರ ಅಲ್ಲಾಡ್ತಾ ಇಲ್ಲ.

ಕಾಳಿ_ತೀರ:

ಇಂಟೆಲ್ ಸೀರಿಯಲ್ ಐಓ ಡ್ರೈವರ್ ಇಲ್ಲ, ಅಷ್ಟೇ. ಟಚ್‌ಪ್ಯಾಡ್ ಐ2ಸಿ ಅನ್ನುವ ಬೋರ್ಡಿನೊಳಗಿನ ಸಂಪರ್ಕದ ದಾರಿಯಲ್ಲಿ ಕೂತಿರುತ್ತದೆ, ಆ ದಾರಿ ತೆರೆಯೋದು ಈ ಡ್ರೈವರ್. ಮೊದಲು ಚಿಪ್‌ಸೆಟ್, ಆಮೇಲೆ ಸೀರಿಯಲ್ ಐಓ, ಕೊನೆಗೆ ಟಚ್‌ಪ್ಯಾಡ್ ಡ್ರೈವರ್, ಮೂರೂ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದಲೇ. ಅಲ್ಲಿಯವರೆಗೆ ಒಂದು ಯುಎಸ್‌ಬಿ ಮೌಸ್ ಚುಚ್ಚಿಕೊಳ್ಳಿ.