ಡೊಮೈನ್ ಬದಲಾದರೆ ಫೋಲ್ಡರ್ ಪರ್ಮಿಷನ್ ಗತಿ ಏನು?

ಹಂಪನಕಟ್ಟೆ: ನಮ್ಮ ಆಫೀಸಿನಲ್ಲಿ 45 ಕಂಪ್ಯೂಟರ್, ಒಂದು ವಿಂಡೋಸ್ ಫೈಲ್ ಸರ್ವರ್, ಒಂದು ಲಿನಕ್ಸ್ ನ್ಯಾಸ್ (ನೆಟ್‌ವರ್ಕಿನಲ್ಲಿ ಫೈಲ್ ಇಡುವ ಪೆಟ್ಟಿಗೆ) ಉಂಟು. ಇನ್ನು ನಮ್ಮ ಡೊಮೈನ್ (ಎಲ್ಲರ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ) ಬಿಟ್ಟು ಉಡುಪಿ ಶಾಖೆಯ ಡೊಮೈನಿಗೇ ನಾವೂ ಸೇರಬೇಕಂತೆ. ಯೂಸರ್ ಹೆಸರುಗಳೆಲ್ಲ ಈಗಿನವೇ. ಹಾಗಾದರೆ ಪರ್ಮಿಷನ್ ತಾನಾಗಿ ಬರ್ತದಾ, ಮೊದಲಿಂದ ಹಾಕಬೇಕಾ? ಮಾಡಿ ಗೊತ್ತಿದ್ದವರು ಹೇಳಿ.

ಮಣಿಪಾಲ: ತಾನಾಗಿ ಬರುವುದಿಲ್ಲ ಮಾರಾಯ್ರೇ. ಫೋಲ್ಡರಿನ ಎಸಿಎಲ್‌ನಲ್ಲಿ (ಯಾರಿಗೆ ಏನು ಅನುಮತಿ ಎಂಬ ಪಟ್ಟಿ) ಇರುವುದು ಹೆಸರಲ್ಲ, ಎಸ್‌ಐಡಿ ಎಂಬ ಗುರುತಿನ ಸಂಖ್ಯೆ. ‘ಎಸ್-1-5-21’ ಎಂದು ಶುರುವಾಗಿ, ನಡುವೆ ಡೊಮೈನಿನ ಮೂರು ಉದ್ದ ಸಂಖ್ಯೆ, ಕೊನೆಗೆ ಆ ಯೂಸರಿನ ಆರ್‌ಐಡಿ, ಅಂದರೆ ಆ ಡೊಮೈನಿನೊಳಗಿನ ನಂಬರು. ಹೊಸ ಡೊಮೈನಿನಲ್ಲಿ ಅದೇ ಹೆಸರಿಟ್ಟರೂ ಸರ್ವರಿನ ಪಾಲಿಗೆ ಅದು ಬೇರೆಯೇ ಜನ. ಹಳೆ ಡೊಮೈನ್ ಮುಚ್ಚಿದ ಮೇಲೆ ಸೆಕ್ಯುರಿಟಿ ಟ್ಯಾಬ್ ತೆರೆದರೆ ಹೆಸರಿನ ಜಾಗದಲ್ಲಿ ಈ ಸಂಖ್ಯೆ ಮಾತ್ರ ಕಾಣುತ್ತದೆ, ಯಾವುದು ಯಾರದ್ದೆಂದು ಹೇಳಲು ಯಾರೂ ಉಳಿದಿರುವುದಿಲ್ಲ. ಹಾಗಾಗಿ ಹಳೆ ಡೊಮೈನ್ ನಡೆಯುತ್ತಿರುವಾಗಲೇ ಹಳೆ ಎಸ್‌ಐಡಿ, ಹೊಸ ಎಸ್‌ಐಡಿ ಎಂದು ಎರಡು ಕಾಲಮ್ಮಿನ ಪಟ್ಟಿ ಮಾಡಿಡಿ. ಎವ್ರಿವನ್, ಲೋಕಲ್ ಅಡ್ಮಿನಿಸ್ಟ್ರೇಟರ್ಸ್ ಎಂಬ ಗ್ರೂಪುಗಳು ಅದರಲ್ಲಿ ಬೇಡ, ಅವುಗಳ ಎಸ್‌ಐಡಿ ಎಲ್ಲ ಕಡೆ ಒಂದೇ. ‘ಡೊಮೈನ್ ಯೂಸರ್ಸ್’ ಗ್ರೂಪ್ ಮಾತ್ರ ಬಿಡಬೇಡಿ. ಎರಡೂ ಕಡೆ ಕೊನೆಗೆ 513 ಇರುವುದರಿಂದ ಒಂದೇ ಅಂತ ಮೋಸ ಹೋಗುವುದು ಸುಲಭ, ನಡುವಿನ ಭಾಗ ಬೇರೆ ಇರುತ್ತದೆ.

ಬೈಕಂಪಾಡಿ: ವಿಂಡೋಸ್ ಸರ್ವರಿಗೆ ಐಕ್ಯಾಕಲ್ಸ್ (ಪರ್ಮಿಷನ್ ನೋಡಿ ಬದಲಿಸುವ ವಿಂಡೋಸ್ ಕಮಾಂಡ್) ಸಾಕು. ಮೊದಲು ಡಿ ಡ್ರೈವಿನ ‘ಡೇಟಾ’ ಫೋಲ್ಡರಿನ ಪರ್ಮಿಷನ್ನುಗಳನ್ನು ಟಿ, ಸಿ ಸ್ವಿಚ್ ಹಾಕಿ ಒಂದು ಫೈಲಿಗೆ ಸೇವ್ ಮಾಡಿ. ಟಿ ಎಂದರೆ ಒಳಗಿನ ಎಲ್ಲವೂ, ಸಿ ಎಂದರೆ ಎರರ್ ಬಂದರೂ ನಿಲ್ಲಬೇಡ. ಕೊನೆಯ ಸಾಲಿನಲ್ಲಿ ಎಷ್ಟು ಫೈಲ್ ಫೇಲ್ ಆಯಿತೆಂದು ಬರುತ್ತದೆ. ಅದು ಸೊನ್ನೆ ಆಗದೆ ಮುಂದೆ ಹೋಗಬೇಡಿ. ಆಮೇಲೆ ರಿಸ್ಟೋರ್, ಜೊತೆಗೆ ಸಬ್‌ಸ್ಟಿಟ್ಯೂಟ್ ಕೊಟ್ಟು ಹಳೆ ಎಸ್‌ಐಡಿ, ಹೊಸ ಎಸ್‌ಐಡಿ ಜೋಡಿಗಳನ್ನು ಸಾಲಾಗಿ ಬರೆಯುವುದು.

ಹೆಚ್ಚಿನವರು ಎಡವುವುದು ಪಾತ್‌ನಲ್ಲಿ. ಸೇವ್ ಫೈಲಿನೊಳಗೆ ಪಾತ್ ‘ಡೇಟಾ’ದಿಂದ ಶುರುವಾಗುತ್ತದೆ, ಆದ್ದರಿಂದ ರಿಸ್ಟೋರ್ ಕೊಡಬೇಕಾದದ್ದು ಡಿ ಡ್ರೈವಿನ ಬುಡಕ್ಕೆ. ‘ಡೇಟಾ’ ಫೋಲ್ಡರಿಗೇ ಕೊಟ್ಟರೆ ‘ಡೇಟಾ’ದೊಳಗೆ ಇನ್ನೊಂದು ‘ಡೇಟಾ’ ಹುಡುಕಿ ಫೈಲ್ ಸಿಗಲಿಲ್ಲ ಅನ್ನುತ್ತದೆ. ಆ ಸೇವ್ ಫೈಲು ಯೂನಿಕೋಡ್, ನೋಟ್‌ಪ್ಯಾಡಿನಲ್ಲಿ ತೆರೆದು ಬೇರೆ ಎನ್‌ಕೋಡಿಂಗಿನಲ್ಲಿ ಉಳಿಸಿದರೆ ಕೆಲಸಕ್ಕೆ ಬಾರದು. ಓನರ್ ಮಾಹಿತಿ ಅದರಲ್ಲಿ ಇರುವುದೇ ಇಲ್ಲ. ಡಿಸ್ಕ್ ಕೋಟಾ (ಒಬ್ಬೊಬ್ಬರಿಗೆ ಇಷ್ಟೇ ಜಾಗ ಎಂಬ ಮಿತಿ) ಇಟ್ಟಿದ್ದರೆ ಲೆಕ್ಕ ಓನರ್ ಮೇಲೆ ನಡೆಯುವುದರಿಂದ ಸೆಟ್‌ಓನರ್ ಸ್ವಿಚ್ ಹಾಕಿ ಓನರನ್ನು ಬೇರೆಯಾಗಿ ಬದಲಿಸಿ. ಶೇರ್ ಪರ್ಮಿಷನ್ (ನೆಟ್‌ವರ್ಕಿನಿಂದ ಬರುವವರಿಗೆ ಹಾಕಿದ ಅನುಮತಿ) ಕೂಡ ಐಕ್ಯಾಕಲ್ಸಿಗೆ ಕಾಣದು, ಅದನ್ನು ಕೈಯಿಂದಲೇ ಬದಲಿಸಬೇಕು.

ಇನ್ನೊಂದು: ಜನರಿಗೆ ಮಾಡಿಫೈ (ಓದುವ, ಬರೆಯುವ, ಅಳಿಸುವ ಅನುಮತಿ) ಕೊಟ್ಟರೆ ಸಾಕು. ಫುಲ್ ಕಂಟ್ರೋಲ್ ಕೊಟ್ಟರೆ ಅವರೇ ಪರ್ಮಿಷನ್ ತಿದ್ದಲು ಕೂರುತ್ತಾರೆ.

ಹಂಪನಕಟ್ಟೆ: ಸಬ್‌ಸ್ಟಿಟ್ಯೂಟ್ ಮಾಡಿದ ಕೂಡಲೇ ಹಳೆ ಲಾಗಿನ್‌ನವರು ಹೊರಗೆ ಬೀಳುತ್ತಾರಲ್ಲ? ಎಲ್ಲರನ್ನೂ ಒಂದೇ ದಿನ ಬದಲಿಸಲು ಆಗುವುದಿಲ್ಲ. ಎಸ್‌ಐಡಿ ಹಿಸ್ಟರಿ (ಹೊಸ ಖಾತೆಯ ಜೊತೆ ಹಳೆ ಎಸ್‌ಐಡಿಯೂ ಉಳಿಯುವುದು) ಇದ್ದರೆ ಸಾಕಾ?

ಮಣಿಪಾಲ: ಎರಡು ಡೊಮೈನ್ ನಡುವೆ ಟ್ರಸ್ಟ್ (ಒಂದರ ಲಾಗಿನ್ ಇನ್ನೊಂದು ಒಪ್ಪುವ ಏರ್ಪಾಡು) ಹಾಕಿ, ಹೊಸ ಡೊಮೈನಿನ ಯೂಸರುಗಳಿರುವ ಗ್ಲೋಬಲ್ ಗ್ರೂಪನ್ನು, ಫೋಲ್ಡರಿಗೆ ಪರ್ಮಿಷನ್ ಇರುವ ಹಳೆ ಡೊಮೈನಿನ ಡೊಮೈನ್ ಲೋಕಲ್ ಗ್ರೂಪಿಗೆ ಸೇರಿಸಿ. ಎಸಿಎಲ್ ಮುಟ್ಟದೆ ಇಬ್ಬರಿಗೂ ದಾರಿಯಾಗುತ್ತದೆ. ಆದರೆ ಇದು ಸರ್ವರ್ ಹಳೆ ಡೊಮೈನಿನಲ್ಲಿ ಇರುವಷ್ಟು ದಿನ ಮಾತ್ರ. ಡೊಮೈನ್ ಲೋಕಲ್ ಗ್ರೂಪಿಗೆ ತನ್ನ ಡೊಮೈನಿನ ಮೆಷಿನ್ನಿನಲ್ಲಿ ಮಾತ್ರ ಬೆಲೆ. ಸರ್ವರನ್ನು ಹೊಸದಕ್ಕೆ ಸೇರಿಸಿದ ಗಳಿಗೆಯಿಂದ, ಟ್ರಸ್ಟ್ ಇದ್ದರೂ ಆ ಗ್ರೂಪ್ ಲೆಕ್ಕಕ್ಕಿಲ್ಲ. ಆದ್ದರಿಂದ ಜನರನ್ನು ಮೊದಲು ದಾಟಿಸಿ, ಸರ್ವರ್ ಕೊನೆಗೆ, ಸಬ್‌ಸ್ಟಿಟ್ಯೂಟ್ ಅದೇ ರಾತ್ರಿ. ಎಸ್‌ಐಡಿ ಹಿಸ್ಟರಿಯನ್ನು ನಾನು ಊರುಗೋಲು ಅಂತಲೇ ಹೇಳುವುದು: ಸರ್ವರ್ ಹಳೆ ಕಡೆ ಇರುವಾಗ ಟ್ರಸ್ಟಿನ ಎಸ್‌ಐಡಿ ಫಿಲ್ಟರಿಂಗ್ ಅದನ್ನು ಕಿತ್ತು ಹಾಕುತ್ತದೆ, ಬೇಕೆಂದೇ ಸಡಿಲಿಸಿದರೆ ಮಾತ್ರ ದಾಟುತ್ತದೆ.

ಕುಂದಾಪುರ: ಲಿನಕ್ಸ್ ನ್ಯಾಸ್ ಬಗ್ಗೆ ಯಾರೂ ಹೇಳಲಿಲ್ಲ, ನಿಜವಾದ ಅಪಾಯ ಅಲ್ಲಿ ಉಂಟು. ಲಿನಕ್ಸಿನ ಫೈಲುಗಳನ್ನು ವಿಂಡೋಸಿಗೆ ಹಂಚುವ ಸಾಂಬಾ ಪ್ರತಿ ಯೂಸರಿನ ಎಸ್‌ಐಡಿಗೂ ಒಂದು ಯುಐಡಿ (ಲಿನಕ್ಸಿನ ಯೂಸರ್ ನಂಬರು) ಕೊಡುತ್ತದೆ. ‘ರಿಡ್’ ಬ್ಯಾಕೆಂಡ್ (ಆರ್‌ಐಡಿಯಿಂದ ಯುಐಡಿ ಮಾಡುವ ವಿಧಾನ) ಆದರೆ ನಾವು ಕೊಟ್ಟ ರೇಂಜಿನ ಮೊದಲ ಸಂಖ್ಯೆಗೆ ಆರ್‌ಐಡಿ ಕೂಡಿಸುತ್ತದೆ, ಅಷ್ಟೆ. ರೇಂಜ್ 10000ದಿಂದ ಶುರು, ಆರ್‌ಐಡಿ 1107 ಆದರೆ ಯುಐಡಿ 11107. ಹೊಸ ಡೊಮೈನಿಗೂ ಅದೇ ರೇಂಜ್ ಬಿಟ್ಟರೆ ಅಲ್ಲಿ 1107 ಆಗಿರುವ ಬೇರೆ ಯಾರೋ ಹಳೆಯವರ ಫೈಲಿಗೆ ಯಜಮಾನ. ಎರರ್ ಬರುವುದಿಲ್ಲ, ಸಂಬಳದ ಫೋಲ್ಡರ್ ಸುಮ್ಮನೆ ತೆರೆದುಕೊಳ್ಳುತ್ತದೆ. ಹೊಸ ಡೊಮೈನಿಗೆ 200000ದಿಂದ 299999ರ ಹಾಗೆ ದೂರದ ರೇಂಜ್ ಕೊಡಿ. ಫೈಲುಗಳನ್ನು ಹಳೆ ಯುಐಡಿಯಿಂದ ಹೊಸದಕ್ಕೆ ಪಟ್ಟಿ ನೋಡಿ ಬದಲಿಸಿ. ಗ್ರೂಪಿನ ನಂಬರಾದ ಜಿಐಡಿಗೂ ಇದೇ ಕಥೆ.

ಸುರತ್ಕಲ್: ನ್ಯಾಸ್ ಹೊಸ ಡೊಮೈನಿಗೆ ಸೇರದಿದ್ದರೆ ಮೊದಲು ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ) ಹೊಸ ಡೊಮೈನ್ ಕಂಟ್ರೋಲರ್ (ಡೊಮೈನ್ ನಡೆಸುವ ಸರ್ವರ್) ಕಡೆ ಉಂಟಾ ನೋಡಿ, ಆಮೇಲೆ ಗಡಿಯಾರ. ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಲಾಗಿನ್ ಪರೀಕ್ಷಿಸುವ ಕರ್ಬರೋಸ್ ಒಪ್ಪುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು, ಸಣ್ಣ ಸೆಲ್ ಸತ್ತ ಹಳೆ ನ್ಯಾಸ್‌ಗಳ ಟೈಮ್ ಹಿಂದಕ್ಕೆ ಹೋಗಿರುವುದು ಮಾಮೂಲು. ಐಕ್ಯಾಕಲ್ಸ್ ಓಡುವ ರಾತ್ರಿ ಯುಪಿಎಸ್ ಸಹ ನೋಡಿಕೊಳ್ಳಿ.

ಗ್ರೂಪಿಗೆ ಸೇರಿಸಿದ ಮೇಲೂ ‘ಆ್ಯಕ್ಸೆಸ್ ಡಿನೈಡ್’ ಬಂದರೆ ಆ ಯೂಸರ್ ಲಾಗಾಫ್ ಆಗಿ ಮತ್ತೆ ಬರಲಿ, ಲಾಗಿನ್ ಆದಾಗ ಸಿಕ್ಕಿದ ಹಳೆ ಟೋಕನಿನಲ್ಲಿ (ಯಾರು, ಯಾವ ಗ್ರೂಪ್ ಎಂಬ ಗುರುತಿನಲ್ಲಿ) ಹೊಸ ಗ್ರೂಪ್ ಇರುವುದಿಲ್ಲ. ಆಗಲೂ ಆಗದಿದ್ದರೆ ಕ್ರೆಡೆನ್ಶಿಯಲ್ ಮ್ಯಾನೇಜರ್ (ವಿಂಡೋಸ್ ಪಾಸ್‌ವರ್ಡ್ ಉಳಿಸಿಡುವ ಜಾಗ) ತೆರೆಯಿರಿ, ಹಳೆ ಡೊಮೈನಿನ ಪಾಸ್‌ವರ್ಡ್ ಅಲ್ಲಿ ಕೂತಿರುತ್ತದೆ.